ಉಗುರು ಕಚ್ಚುವ ಅಭ್ಯಾಸ ಮತ್ತು ನಮ್ಮ ದವಡೆ

(ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಓದಿ ಚರ್ಚಿಸಲು)



ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವಾಗ ಒಮ್ಮೆ ಸುತ್ತಲೂ ನೋಡಿ. ಇಪ್ಪತ್ತು ಜನ ಕೂತಿದ್ದರೆ ಅದರಲ್ಲಿ ಇಬ್ಬರೋ ಮೂವರೋ ಗೊತ್ತಿಲ್ಲದ ಹಾಗೆ ಬೆರಳನ್ನು ಬಾಯಿಗೆ ತೆಗೆದುಕೊಂಡು ಹೋಗಿರುತ್ತಾರೆ. ಕೇಳಿದರೆ "ಅಯ್ಯೋ ಇಲ್ಲಕ್ಕಾ, ಸುಮ್ನೆ ಹಂಗೇ" ಅಂತ ಕೈ ಕೆಳಗೆ ಇಳಿಸುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ "ಉಗುರು ಕಚ್ಚಬೇಡ, ದರಿದ್ರ ಬರುತ್ತೆ" ಎಂದು ಗದರುತ್ತಾರೆ. ದರಿದ್ರ ಬರುವುದು ಬಿಡುವುದು ಬೇರೆ ಮಾತು. ಆದರೆ ಹಲ್ಲು, ಒಸಡು, ದವಡೆಗೆ ಏನಾಗುತ್ತದೆ ಎಂದು ಹೇಳುವವರು ಕಡಿಮೆ.

"ಉಗುರು ಕಚ್ಚಿ ಕಚ್ಚಿ ದವಡೆ ಮೂಳೆ ಸವೆದು ಹೋಗುತ್ತದಂತೆ, ನಿಜವಾ?" ಎಂದು ಕೆಲವರು ಕೇಳುತ್ತಾರೆ. ಮಕ್ಕಳನ್ನು ಹೆದರಿಸಲು ಹೀಗೆ ಹೇಳುವವರೂ ಇದ್ದಾರೆ. ಮೊದಲೇ ಹೇಳಿಬಿಡುತ್ತೇವೆ: ಉಗುರು ಕಚ್ಚಿದ ಮಾತ್ರಕ್ಕೆ ದವಡೆ ಮೂಳೆ ಕರಗಿಹೋಗುವುದಿಲ್ಲ, ಮುಖದ ಆಕಾರ ಕೆಡುವುದಿಲ್ಲ. ಹಾಗಂತ ಏನೂ ಆಗುವುದಿಲ್ಲ ಎಂದೂ ಅಲ್ಲ. ತೊಂದರೆ ಬರುವುದು ಮೂರು ದಾರಿಯಲ್ಲಿ: ಹಲ್ಲಿನ ಬೇರಿನಿಂದ, ಒಸಡಿನಿಂದ ಮತ್ತು ಕಿವಿಯ ಮುಂದಿರುವ ದವಡೆಯ ಕೀಲಿನಿಂದ. ಇವನ್ನು ತಿಳಿದುಕೊಂಡರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ನಮಗೇ ಗೊತ್ತಾಗುತ್ತದೆ.

ಹಲ್ಲು ಮೂಳೆಯಲ್ಲಿ ಹೇಗೆ ಕೂತಿದೆ?

ಗೋಡೆಗೆ ಮೊಳೆ ಹೊಡೆದ ಹಾಗೆ ಹಲ್ಲು ದವಡೆಗೆ ಬಿಗಿದುಕೊಂಡಿದೆ ಎಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ. ದವಡೆ ಮೂಳೆಯಲ್ಲಿ ಪ್ರತಿ ಹಲ್ಲಿಗೂ ಒಂದು ಗುಳಿ ಇದೆ. ಆ ಗುಳಿಗೂ ಹಲ್ಲಿನ ಬೇರಿಗೂ ನಡುವೆ ಕೂದಲೆಳೆಯಷ್ಟು ತೆಳುವಾದ ಸಂದು. ಆ ಸಂದಿನಲ್ಲಿ ಸಾವಿರಾರು ಸಣ್ಣ ನಾರುಗಳಿದ್ದು, ತೊಟ್ಟಿಲನ್ನು ಹಗ್ಗ ಹಿಡಿದ ಹಾಗೆ ಹಲ್ಲನ್ನು ಹಿಡಿದುಕೊಂಡಿವೆ. ಕಲ್ಲು ಕಡಿದಾಗ ಥಟ್ಟನೆ ಗೊತ್ತಾಗುವುದು ಈ ನಾರುಗಳಿಂದಲೇ.

ಮೂಳೆ ಸತ್ತ ವಸ್ತುವಲ್ಲ, ಜೀವ ಇರುವ ವಸ್ತು. ಒತ್ತಡ ಬಿದ್ದ ಕಡೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸದಾಗಿ ಬೆಳೆಯುತ್ತದೆ. ಮಕ್ಕಳ ಹಲ್ಲಿಗೆ ತಂತಿ ಹಾಕಿ ಸಾಲಾಗಿ ನಿಲ್ಲಿಸುವುದು ಈ ಗುಣದ ಮೇಲೆಯೇ. ತಂತಿ ಕೊಡುವ ಒತ್ತಡ ತೀರಾ ಸಣ್ಣದು, ಆದರೆ ಹಗಲು ರಾತ್ರಿ ಬಿಡದೆ ಇರುತ್ತದೆ. ಉಗುರು ಕಚ್ಚುವ ಒತ್ತಡ ಜೋರಾಗಿದ್ದರೂ ಬಂದು ಹೋಗುವಂಥದ್ದು. ಅದಕ್ಕೇ ಬೆರಳು ಚೀಪುವ ಮಗುವಿನ ಹಲ್ಲು ಮುಂದೆ ಬರುವಷ್ಟು ಸುಲಭವಾಗಿ ಉಗುರು ಕಚ್ಚುವವರ ಹಲ್ಲು ಸ್ಥಳ ಬಿಡುವುದಿಲ್ಲ. ಚೀಪುವ ಮಗು ಗಂಟೆಗಟ್ಟಲೆ, ನಿದ್ದೆಯಲ್ಲೂ ಚೀಪುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಆದರೂ ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಅದೇ ಎರಡು ಹಲ್ಲಿನ ಮೇಲೆ ಭಾರ ಬಿದ್ದರೆ ಬೇರಿನ ತುದಿ ಸವೆದು ಮೊಂಡಾಗಬಹುದು. ಹೊರಗೆ ಏನೂ ಕಾಣುವುದಿಲ್ಲ, ನೋವೂ ಇರುವುದಿಲ್ಲ, ಎಕ್ಸ್‌ರೇ ತೆಗೆದಾಗಲೇ ಗೊತ್ತಾಗುವುದು. ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳು ಉಗುರು ಕಚ್ಚಿದರೆ ಈ ಅಪಾಯ ಹೆಚ್ಚು, ಏಕೆಂದರೆ ಆಗ ಬೇರಿನ ಮೇಲೆ ಎರಡು ಕಡೆಯ ಭಾರ. ತಂತಿಗೆ ಸಾವಿರಾರು ರೂಪಾಯಿ ಕೊಟ್ಟು, ಸಂಘದಿಂದ ಸಾಲ ತೆಗೆದು ಹಾಕಿಸಿದ ತಾಯಂದಿರೂ ಇರುತ್ತೀರಿ. ಮಗು ಉಗುರು ಕಚ್ಚುತ್ತದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ನಾಚಿಕೆಪಟ್ಟು ಮುಚ್ಚಿಡಬೇಡಿ.

ಈಗ ಒಂದು ಪ್ರಯೋಗ

ಇದನ್ನು ಸಭೆಯಲ್ಲೇ ಎಲ್ಲರೂ ಮಾಡಿ ನೋಡಿ. ಎರಡೂ ಕೈಯ ತೋರುಬೆರಳನ್ನು ಕಿವಿಯ ತೂತಿನ ಸ್ವಲ್ಪ ಮುಂದೆ ಇಡಿ. ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಗುಂಡನೆಯ ತಲೆಯೊಂದು ಹೊರಳಿದ ಹಾಗೆ ಆಗುತ್ತದಲ್ಲ, ಅದೇ ದವಡೆಯ ಕೀಲು. ಈಗ ಉಗುರು ಕಚ್ಚುವ ಹಾಗೆ ಮೇಲಿನ ಮತ್ತು ಕೆಳಗಿನ ಬಾಚಿ ಹಲ್ಲಿನ ಅಂಚಿಗೆ ಅಂಚು ತಂದು ನಿಲ್ಲಿಸಿ. ಏನಾಯಿತು? ಕೆಳದವಡೆ ಇಡೀ ಮುಂದಕ್ಕೆ ಜಾರಿತು. ಆ ಗುಂಡನೆಯ ತಲೆ ತನ್ನ ಗುಳಿಯಿಂದ ಹೊರಗೆ ಬಂದು ನಿಂತಿತು.

ಊಟ ಮಾಡುವಾಗ ನಾವು ದವಡೆ ಹಲ್ಲಿನಲ್ಲಿ ಅಗಿಯುತ್ತೇವೆ. ಆ ಹಲ್ಲುಗಳಿಗೆ ಎರಡು ಮೂರು ಬೇರು, ಭಾರ ಹೊರುವ ಶಕ್ತಿ ಇದೆ. ಅಲ್ಲಿ ಅಗಿಯುವಾಗ ಕೀಲು ತನ್ನ ಜಾಗದಲ್ಲೇ ಇರುತ್ತದೆ. ಉಗುರು ಕಚ್ಚುವುದು ಮುಂದಿನ ಹಲ್ಲಿನಲ್ಲಿ, ಅವಕ್ಕೆ ಒಂದೊಂದೇ ಬೇರು, ಕೀಲು ಜಾಗ ಬಿಟ್ಟು ಮುಂದೆ ನಿಂತಿರುತ್ತದೆ. ಆ ಸ್ಥಿತಿಯಲ್ಲಿ ಹಿಡಿದಿಡುವ ಸ್ನಾಯುಗಳು ಸೋಲುತ್ತವೆ. ನೀರು ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟು ಅರ್ಧ ಮೈಲಿ ನಡೆಯುತ್ತೇವೆ. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿದರೆ ಎಷ್ಟು ಹೊತ್ತು ನಿಲ್ಲಬಹುದು? ದವಡೆಗೂ ಹಾಗೇ.

ಇನ್ನೊಂದು ವಿಷಯ. ಊಟ, ಎಂಜಲು ನುಂಗುವುದು ಎಲ್ಲ ಸೇರಿಸಿದರೂ ದಿನದಲ್ಲಿ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗುವ ಸಮಯ ಅರ್ಧ ಗಂಟೆ ದಾಟುವುದಿಲ್ಲ ಎಂದು ದಂತವೈದ್ಯರು ಲೆಕ್ಕ ಹೇಳುತ್ತಾರೆ. ಉಳಿದ ಹೊತ್ತು ದವಡೆಗೆ ವಿಶ್ರಾಂತಿ. ಉಗುರು ಕಚ್ಚುವವರು, ಹಲ್ಲು ಕಡಿಯುವವರು, ಸಿಟ್ಟು ಬಂದರೆ ಹಲ್ಲು ಬಿಗಿಹಿಡಿಯುವವರು ಈ ವಿಶ್ರಾಂತಿಯನ್ನು ತಾವೇ ಕಿತ್ತುಕೊಳ್ಳುತ್ತಾರೆ. ಆಮೇಲೆ ಬೆಳಿಗ್ಗೆ ಎದ್ದಾಗ ಕೆನ್ನೆ ನೋವು, ಕಿವಿ ನೋವು, ತಲೆಯ ಪಕ್ಕದಲ್ಲಿ ನೋವು. ಕಿವಿಗೆ ಎಣ್ಣೆ ಬಿಟ್ಟುಕೊಳ್ಳುತ್ತೇವೆ, ತಲೆನೋವಿಗೆ ಮಾತ್ರೆ ನುಂಗುತ್ತೇವೆ. ರೋಗ ಇರುವುದು ದವಡೆಯ ಕೀಲಿನಲ್ಲಿ! ಈ ಕೀಲಿನ ತೊಂದರೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂಬುದನ್ನೂ ನೆನಪಿಡಿ.

ಬಾಯಿ ತೆರೆಯುವಾಗ "ಟಕ್" ಎಂದು ಸದ್ದು ಬರುತ್ತದೆಯೇ? ನೋವಿಲ್ಲದಿದ್ದರೆ ಹೆದರಬೇಡಿ, ಬಹಳ ಜನರಿಗೆ ಹಾಗೆ ಬರುತ್ತದೆ, ಚಿಕಿತ್ಸೆ ಬೇಕಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದು ಅರ್ಥ. ಎರಡೇ ಬೆರಳು ಹಿಡಿಸಿದರೆ, ಅಥವಾ ಬಾಯಿ ಒಮ್ಮೊಮ್ಮೆ ಸಿಕ್ಕಿಹಾಕಿಕೊಂಡರೆ, ವೈದ್ಯರಿಗೆ ತೋರಿಸಬೇಕು. ಎಲೆ ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ಕಡಿಮೆ ತೆರೆಯಲು ಬೇರೆಯೇ ಕಾರಣ ಇರಬಹುದು, ಅದು ಇನ್ನೂ ದೊಡ್ಡ ಕಾಯಿಲೆಯ ಮುನ್ಸೂಚನೆ. ಅಂಥವರು ಒಂದು ದಿನವೂ ತಡ ಮಾಡಬಾರದು.

ಒಸಡಿಗೆ ಚುಚ್ಚಿದ ಉಗುರಿನ ಚೂರು

ದವಡೆ ಮೂಳೆಗೆ ನಿಜವಾದ ಅಪಾಯ ಬರುವುದು ಹೆಚ್ಚಾಗಿ ಈ ದಾರಿಯಿಂದಲೇ ಎಂದು ನಮ್ಮ ಅಭಿಪ್ರಾಯ. ದೇಹದ ಬೇರೆ ಮೂಳೆಗಳನ್ನು ಚರ್ಮ, ಮಾಂಸ ಪೂರ್ತಿಯಾಗಿ ಮುಚ್ಚಿರುತ್ತವೆ. ದವಡೆಯಲ್ಲಿ ಮಾತ್ರ ಹಲ್ಲು ಮೂಳೆಯೊಳಗಿಂದ ಹೊರಗೆ ಬಂದಿದೆ. ನಡುವೆ ಬಾಗಿಲು ಕಾಯುವುದು ಒಸಡು ಮಾತ್ರ.

ಕಚ್ಚಿ ತೆಗೆದ ಉಗುರಿನ ಚೂರು ಗಾಜಿನ ಚೂರಿನಂತೆ ಚೂಪಾಗಿರುತ್ತದೆ. ಅದು ಹಲ್ಲಿಗೂ ಒಸಡಿಗೂ ನಡುವೆ ಇಳಿದು ಕೂತರೆ ಬಾಯಿ ಮುಕ್ಕಳಿಸಿದರೂ ಬರುವುದಿಲ್ಲ. ಎರಡು ಮೂರು ದಿನದಲ್ಲಿ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಅಲ್ಲೇ ಬಿಟ್ಟರೆ ಕೀವು ಕಟ್ಟುತ್ತದೆ. ಕೀವು ತುಂಬಾ ದಿನ ಉಳಿದರೆ ಆ ಹಲ್ಲಿನ ಸುತ್ತ ಮೂಳೆ ಕರಗಲು ಶುರುವಾಗುತ್ತದೆ, ಹಲ್ಲು ಅಲ್ಲಾಡುತ್ತದೆ. ಹಾಗೆ ಹೋದ ಮೂಳೆ ತಾನಾಗಿ ಮತ್ತೆ ಪೂರ್ತಿ ಬೆಳೆಯುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಅಕ್ಕಂದಿರಲ್ಲಿ ಇದೆಲ್ಲ ಬೇಗ ಬೇಗ ನಡೆಯುತ್ತದೆ. ಒಸಡಿನ ಸೋಂಕು ಇದ್ದರೆ ಸಕ್ಕರೆ ಹಿಡಿತಕ್ಕೆ ಬರುವುದೂ ಕಷ್ಟ. ಒಂದಕ್ಕೊಂದು ಗಂಟು.

ಕೆಳದವಡೆಯ ಅಡಿಯಲ್ಲಿ, ಗದ್ದದ ಕೆಳಗೆ ಊತ ಬಂದು, ಜ್ವರ ಇದ್ದು, ಬಾಯಿ ತೆರೆಯಲು ಅಥವಾ ಎಂಜಲು ನುಂಗಲು ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೀವು ಗಂಟಲಿನ ಕಡೆ ಇಳಿದರೆ ಉಸಿರೇ ಕಟ್ಟಬಹುದು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ಬೆರಳಿನ ಕಡೆಗೂ ನೋಡಿ. ಉಗುರಿನ ಪಕ್ಕದ ಚರ್ಮ ಹರಿದು ಉಗುರುಸುತ್ತು ಆಗುವುದು ನಮಗೆಲ್ಲ ಗೊತ್ತೇ ಇದೆ. ನಿಂಬೆಹಣ್ಣು ಸಿಕ್ಕಿಸಿಕೊಂಡು ಒಂದು ವಾರ ಪಾತ್ರೆ ತೊಳೆಯಲಾರದೆ ಒದ್ದಾಡಿದವರು ಸಂಘಕ್ಕೆ ಒಬ್ಬರಾದರೂ ಸಿಗುತ್ತಾರೆ. ಮಕ್ಕಳಲ್ಲಿ ಜಂತುಹುಳದ ಮೊಟ್ಟೆ ಉಗುರಿನ ಸಂದಿನಿಂದ ನೇರವಾಗಿ ಹೊಟ್ಟೆಗೆ. ಶಾಲೆ, ಅಂಗನವಾಡಿಯಲ್ಲಿ ಜಂತುಹುಳದ ಮಾತ್ರೆ ಕೊಟ್ಟ ಮೇಲೂ ಮಗು ಉಗುರು ಕಚ್ಚುತ್ತಲೇ ಇದ್ದರೆ ಹುಳ ಮತ್ತೆ ಬರುತ್ತದೆ, ಮಾತ್ರೆಯ ತಪ್ಪಲ್ಲ.

ನಮ್ಮ ಊರಿನ ಧೂಳು, ನಮ್ಮ ಊರಿನ ನೀರು

ಇದನ್ನು ಬೇರೆ ಊರಿನ ಪುಸ್ತಕದಲ್ಲಿ ಬರೆದಿರುವುದಿಲ್ಲ. ಕೆ.ಜಿ.ಎಫ್.ನಲ್ಲಿ ಇರುವವರಿಗೆ ಸೈನೈಡ್ ಗುಡ್ಡೆ ಎಂದರೆ ಏನು ಎಂದು ಹೇಳಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ, ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಕಲ್ಲು ಎತ್ತಿ, ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಬಂಗಾರ ತೆಗೆದು, ಉಳಿದದ್ದನ್ನು ಗುಡ್ಡೆ ಹಾಕಿದರು. ಗಾಳಿಯ ತಿಂಗಳಲ್ಲಿ ಆ ಪುಡಿ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯ ಮನೆಗಳ ಪಾತ್ರೆ ಮೇಲೆ, ಒಣಗಲು ಹಾಕಿದ ಬಟ್ಟೆ ಮೇಲೆ, ಮಕ್ಕಳ ಕೈ ಮೇಲೆ ಕೂರುತ್ತದೆ. ಗುಡ್ಡೆಯಲ್ಲಿ ಜಾರುಬಂಡೆ ಆಡಿ ಬಂದ ಮಗುವಿನ ಉಗುರಿನ ಸಂದು ಬೂದಿ ಬಣ್ಣ ಆಗಿರುತ್ತದೆ. ಆ ಪುಡಿಯಲ್ಲಿ ಬಹುಪಾಲು ನುಣ್ಣಗೆ ಅರೆದ ಕಲ್ಲು, ಜೊತೆಗೆ ಅದಿರಿನಲ್ಲಿದ್ದ ಬೇರೆ ಲೋಹಗಳ ಅಂಶ. ಯಾವುದೂ ಬಾಯಿಗೆ ಹೋಗಬೇಕಾದ್ದಲ್ಲ. ಹಲ್ಲಿನ ನಡುವೆ ಸಿಕ್ಕಿದರೆ ಉಪ್ಪುಕಾಗದದಂತೆ ಉಜ್ಜುತ್ತದೆ. ಆದ್ದರಿಂದ ಆಟ ಮುಗಿಸಿ ಬಂದ ಮಕ್ಕಳ ಕೈಯನ್ನು ಬರೀ ನೀರಿನಲ್ಲಿ ಅದ್ದಿಸಿ ಕಳಿಸಬೇಡಿ. ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಗುರಿನ ಕೆಳಗೆ ತಿಕ್ಕಿಸಿ.

ಬಂಗಾರಪೇಟೆ ಕಡೆಯ ಹಳ್ಳಿಗಳಿಗೆ ಇನ್ನೊಂದು ತೊಂದರೆ ಇದೆ. ಕೋಲಾರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ಎಂದು ನಿಯಮ. ಸುಮಾರು ಎಂಟು ವರ್ಷದ ಒಳಗೆ, ಶಾಶ್ವತ ಹಲ್ಲು ದವಡೆಯೊಳಗೆ ತಯಾರಾಗುವ ಕಾಲದಲ್ಲಿ, ಹೆಚ್ಚು ಫ್ಲೋರೈಡ್ ನೀರು ಕುಡಿದ ಮಕ್ಕಳ ಹಲ್ಲು ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆಯಾಗಿ ಅಥವಾ ಕಂದಾಗಿ ಬರುತ್ತದೆ. ಜಾಸ್ತಿಯಾದರೆ ಸಣ್ಣ ಗುಳಿಗಳೂ ಬೀಳುತ್ತವೆ. ಅಂಥ ಹಲ್ಲಿನ ಮೇಲ್ಪದರ ಬೇಗ ಚಕ್ಕೆ ಏಳುತ್ತದೆ. ಗಟ್ಟಿ ಹಲ್ಲಿನ ಮಗು ಉಗುರು ಕಚ್ಚಿದರೆ ಸವೆಯಲು ವರ್ಷಗಳು ಬೇಕು, ಈ ಮಗುವಿಗೆ ಅಷ್ಟು ಕಾಲ ಬೇಡ. ಹಲ್ಲಿನ ಕಲೆಯನ್ನು ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿ ತೆಗೆಯಲು ಹೋಗುವವರು ಇದ್ದಾರೆ. ಕಲೆ ಹೋಗುವುದಿಲ್ಲ, ಇದ್ದ ಹಲ್ಲೂ ತೆಳ್ಳಗಾಗುತ್ತದೆ.

ದಾರ ಕಡಿಯುವ ಟೈಲರ್ ಅಕ್ಕಂದಿರಿಗೆ

ಉಗುರಿನ ಜೊತೆಗೇ ಹೇಳಬೇಕಾದ ಮಾತು ಇದು. ನಮ್ಮ ಸಂಘಗಳಲ್ಲಿ ಹೊಲಿಗೆ ಕಲಿತವರು ಬಹಳ. ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಡಿಯುತ್ತೇವೆ. ಗುಂಡುಪಿನ್ನು ತುಟಿಯಲ್ಲಿ ಕಚ್ಚಿ ಹಿಡಿಯುತ್ತೇವೆ. ಹೇರ್‌ಪಿನ್ನನ್ನು ಹಲ್ಲಿನಿಂದ ಬಿಡಿಸುತ್ತೇವೆ, ಶಾಂಪೂ ಚೀಟಿಯನ್ನು ಹಲ್ಲಿನಿಂದ ಹರಿಯುತ್ತೇವೆ. ಇಪ್ಪತ್ತು ವರ್ಷ ಹೊಲಿದವರ ಮುಂದಿನ ಹಲ್ಲನ್ನು ನೋಡಿ, ಅಂಚಿನಲ್ಲಿ ಗರಗಸದ ಹಲ್ಲಿನಂಥ ಸಣ್ಣ ಕಚ್ಚು ಇರುತ್ತದೆ. ದಾರ ಕಡಿಯುವಾಗಲೂ ದವಡೆ ಅದೇ ರೀತಿ ಮುಂದೆ ಬಂದು ನಿಲ್ಲುತ್ತದೆ. ಉಗುರು ಕಚ್ಚುವುದಕ್ಕೂ ಇದಕ್ಕೂ ದವಡೆಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಹೊಲಿಗೆ ಯಂತ್ರಕ್ಕೆ ಒಂದು ಸಣ್ಣ ದಾರಗತ್ತರಿಯನ್ನು ಹಗ್ಗದಲ್ಲಿ ಕಟ್ಟಿ ಇಡಿ.

ಕೈಯಲ್ಲಿದ್ದದ್ದನ್ನು ಬಾಯಿಗೆ ಹಾಕುವ ಅಭ್ಯಾಸ ಕೆಲಸದ ಜಾಗದಲ್ಲಿ ಹೆಂಗಸರ ದವಡೆಯನ್ನೇ ತಿಂದುಹಾಕಿದ ಒಂದು ಕಥೆ ಇದೆ. ಕಥೆಯಲ್ಲ, ನಡೆದದ್ದು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ 1917ರಿಂದ ಗಡಿಯಾರದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿಯುವ ಕಾರ್ಖಾನೆ ಇತ್ತು. ಬಣ್ಣದಲ್ಲಿ ರೇಡಿಯಂ ಬೆರೆತಿತ್ತು. ಕೆಲಸಕ್ಕೆ ಸೇರಿದವರು ಹದಿನೈದು, ಹದಿನಾರು, ಇಪ್ಪತ್ತು ವರ್ಷದ ಹುಡುಗಿಯರು. ಎಷ್ಟು ಗಡಿಯಾರ ಬಳಿದರೆ ಅಷ್ಟು ಕೂಲಿ. ಕುಂಚದ ತುದಿ ಚೂಪಾಗಲು ತುಟಿಯಲ್ಲಿ ಇಟ್ಟು ಎಳೆಯಿರಿ ಎಂದು ಅವರಿಗೆ ಹೇಳಿಕೊಟ್ಟಿದ್ದರು. ಪ್ರತಿ ಸಲವೂ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಯಿತು. ರೇಡಿಯಂ ಸುಣ್ಣದ ಅಂಶದ ಹಾಗೆ ನಟಿಸಿ ಮೂಳೆಯಲ್ಲಿ ಹೋಗಿ ಕೂರುತ್ತದೆ. ಕೆಲವು ವರ್ಷ ಕಳೆದ ಮೇಲೆ ಹಲ್ಲು ನೋವು ಎಂದು ಹಲ್ಲು ಕೀಳಿಸಿದರೆ ಗಾಯ ಮಾಯಲೇ ಇಲ್ಲ. ದವಡೆ ಮೂಳೆಯೇ ಚೂರು ಚೂರಾಗಿ ಬಂತು. ಥಿಯೊಡೋರ್ ಬ್ಲಮ್ ಎಂಬ ದಂತವೈದ್ಯರು 1924ರಲ್ಲಿ ಇದನ್ನು ಗುರುತಿಸಿ ಬರೆದರು. ಹಲವರು ಸತ್ತರು. ಗ್ರೇಸ್ ಫ್ರೈಯರ್ ಎಂಬಾಕೆ ಇನ್ನೂ ನಾಲ್ವರನ್ನು ಸೇರಿಸಿಕೊಂಡು ಕಂಪನಿಯ ಮೇಲೆ ಮೊಕದ್ದಮೆ ಹೂಡಿದಳು. ವಕೀಲರು ಸಿಗುವುದಕ್ಕೇ ಬಹಳ ಕಾಲ ಹಿಡಿಯಿತು. 1928ರಲ್ಲಿ ಕಂಪನಿ ಪರಿಹಾರ ಕೊಟ್ಟಿತು. ಐದು ಜನ ಹೆಂಗಸರು ಒಟ್ಟಾಗಿ ನಿಂತದ್ದರಿಂದ ಆದದ್ದು ಇದು.

ಅದಕ್ಕೂ ಮುಂಚೆ ಬೆಂಕಿಪೊಟ್ಟಣ ಮಾಡುವವರಿಗೂ ಹೀಗೇ ಆಗುತ್ತಿತ್ತು, ಬಿಳಿ ರಂಜಕದ ಹೊಗೆಯಿಂದ ದವಡೆ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳು ದಂಡ ಮತ್ತು ಕೆಟ್ಟ ಕೆಲಸದ ಸ್ಥಿತಿಯ ವಿರುದ್ಧ ಮುಷ್ಕರ ಹೂಡಿದರು. ನಮ್ಮ ದೇಶದಲ್ಲಿ ಬಿಳಿ ರಂಜಕದ ಬೆಂಕಿಕಡ್ಡಿಯನ್ನು 1913ರ ಕಾನೂನು ನಿಷೇಧಿಸಿತು. ಈಗಿನ ಬೆಂಕಿಕಡ್ಡಿಯಲ್ಲಿ ಅದು ಇಲ್ಲ.

ಉಗುರು ಕಚ್ಚುವುದನ್ನು ರೇಡಿಯಂಗೆ ಹೋಲಿಸುತ್ತಿಲ್ಲ, ತಪ್ಪು ತಿಳಿಯಬೇಡಿ. ಆದರೆ ಬಣ್ಣ ಬಳಿಯುವ, ಔಷಧಿ ಹೊಡೆದ ಟೊಮೇಟೊ ಕೀಳುವ, ಬ್ಯಾಟರಿ ಅಥವಾ ಗುಜರಿ ಸಾಮಾನು ಬಿಚ್ಚುವ ಕೆಲಸಕ್ಕೆ ಹೋಗುವವರು ಉಗುರು ಕಚ್ಚಿದರೆ ಆ ವಿಷದ ಸ್ವಲ್ಪ ಭಾಗ ಪ್ರತಿದಿನ ಬಾಯಿಗೆ ಹೋಗುತ್ತದೆ.

ಯಾಕೆ ಕಚ್ಚುತ್ತೇವೆ?

ಭಯ ಇದ್ದರೆ ಮಾತ್ರ ಕಚ್ಚುತ್ತಾರೆ ಎಂದು ತಿಳಿಯಬೇಡಿ. ಬೇಜಾರಿಗೆ, ಗಮನವಿಟ್ಟು ಏನನ್ನೋ ನೋಡುವಾಗ, ಟಿ.ವಿ. ಧಾರಾವಾಹಿಯ ಮುಂದೆ, ಉಗುರಿನ ಒಂದು ಮೂಲೆ ಒರಟಾಗಿ ಬಟ್ಟೆಗೆ ಸಿಕ್ಕುವಾಗ, ಹೀಗೆ ಹಲವು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷದ ಮೇಲೆ ಶುರುವಾಗಿ ಹರೆಯದಲ್ಲಿ ಹೆಚ್ಚಾಗಿ, ಬಹಳ ಜನರಿಗೆ ಆಮೇಲೆ ತಾನಾಗಿ ಬಿಟ್ಟುಹೋಗುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ.

ಉಳಿದವರ ಮನೆಯ ಪರಿಸ್ಥಿತಿಯನ್ನೂ ನೋಡಬೇಕು. ಗಂಡ ಕುಡಿದು ಬರುವ ಹೊತ್ತಿಗೆ ಬಾಗಿಲ ಹಿಂದೆ ನಿಂತು ಉಗುರು ಕಚ್ಚುವ ಮಗು ಇದೆ. ಕಂತಿನ ದಿನ ಕೈಯಲ್ಲಿ ಹಣ ಇಲ್ಲದೆ ಬೆರಳ ತುದಿಯಲ್ಲಿ ರಕ್ತ ಬರುವ ತನಕ ಕಚ್ಚುವ ತಾಯಿ ಇದ್ದಾಳೆ. ಅಂಥವಳಿಗೆ "ಗಲೀಜು, ಬಾಯಿಂದ ಕೈ ತೆಗಿ" ಎಂದರೆ ಏನು ಪ್ರಯೋಜನ? ಒಂದು ಸಾಲ ತೀರಿಸಲು ಇನ್ನೊಂದು ಕಡೆ ಸಾಲ, ಮೂರು ನಾಲ್ಕು ಕಡೆ ಕಂತು ಇರುವವರು ಸಂಘದಲ್ಲಿ ಬಾಯಿಬಿಟ್ಟು ಹೇಳಲಿ. ಮನೆ ಮುಂದೆ ಬಂದು ಬೈಯುವುದು, ಹೆದರಿಸುವುದು ಮುಂತಾದ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲಗಳ ಬಗ್ಗೆ ಸುಗ್ರೀವಾಜ್ಞೆ ತಂದಿತು. ಅಂಥ ಕಿರುಕುಳವಾದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು, ಸಂಘದ ಇಬ್ಬರು ಜೊತೆಗೆ ಹೋಗಿ. ಮನಸ್ಸಿಗೆ ತುಂಬಾ ಕಷ್ಟವಾದರೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಬಿಡಿಸುವುದು ಹೇಗೆ?

ಬೇವಿನೆಣ್ಣೆ, ಹಾಗಲಕಾಯಿ ರಸ ಹಚ್ಚುವುದು ನಮ್ಮ ಅಜ್ಜಿಯರ ಉಪಾಯ. ಕೆಲವು ಮಕ್ಕಳಿಗೆ ಕೆಲಸ ಮಾಡುತ್ತದೆ, ಏಕೆಂದರೆ ಕಹಿ ನಾಲಿಗೆಗೆ ತಾಗಿದಾಗ "ಓ, ನಾನು ಕಚ್ಚುತ್ತಿದ್ದೇನೆ" ಎಂದು ಅರಿವಾಗುತ್ತದೆ. ಮೆಣಸಿನಪುಡಿ ಮಾತ್ರ ಹಚ್ಚಲೇಬೇಡಿ. ಮಗು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತದೆ. ಹೊಡೆಯುವುದು, ಬರೆ ಹಾಕುತ್ತೇನೆ ಎನ್ನುವುದು, ನೆಂಟರ ಮುಂದೆ ನಗುವುದು, ಇದರಿಂದ ಮಗು ಇನ್ನೂ ಮರೆಯಲ್ಲಿ ಕಚ್ಚುತ್ತದೆ ಅಷ್ಟೇ.

ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ವಿಧಾನ ಹೇಳಿಕೊಟ್ಟರು. ಈಗಲೂ ಇಂಥ ಅಭ್ಯಾಸ ಬಿಡಿಸಲು ಅದನ್ನೇ ಬಳಸುತ್ತಾರೆ. ದುಡ್ಡು ಬೇಡ, ಔಷಧಿ ಬೇಡ. ಮೊದಲು ಒಂದು ವಾರ ಬಿಡಲು ಪ್ರಯತ್ನಿಸಬೇಡಿ, ಬರೀ ಲೆಕ್ಕ ಇಡಿ. ಯಾವ ಹೊತ್ತಿನಲ್ಲಿ, ಏನು ಮಾಡುವಾಗ, ಯಾವ ಬೆರಳು ಬಾಯಿಗೆ ಹೋಯಿತು? ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದು ಗೆರೆ ಎಳೆಯಿರಿ. ಲೆಕ್ಕ ಇಡುವುದರಲ್ಲಿ ನಮ್ಮ ಸಂಘದವರನ್ನು ಮೀರಿಸುವವರು ಯಾರು! ವಾರದ ಕೊನೆಗೆ ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ಒಬ್ಬರಿಗೆ ರೈಲಿನಲ್ಲಿ, ಒಬ್ಬರಿಗೆ ರಾತ್ರಿ ಟಿ.ವಿ. ಮುಂದೆ, ಒಬ್ಬರಿಗೆ ಫೋನ್ ಬಂದಾಗ. ಎರಡನೇ ವಾರದಿಂದ ಬೆರಳು ಮೇಲೆ ಹೋಗುತ್ತಿದೆ ಎಂದು ಗೊತ್ತಾದ ಕೂಡಲೇ ಕೈಯನ್ನು ಬೇರೆ ಕೆಲಸಕ್ಕೆ ಹಾಕಿ: ಮುಷ್ಟಿ ಬಿಗಿಹಿಡಿದು ಒಂದೆರಡು ನಿಮಿಷ ತೊಡೆಯ ಮೇಲೆ ಇಡುವುದು, ಸೆರಗಿನ ತುದಿ ಹಿಡಿಯುವುದು, ಹೂ ಕಟ್ಟುವುದು, ಹುಣಸೆಹಣ್ಣು ಬಿಡಿಸುವುದು. ಕೈ ಬಾಯಿಗೆ ಹೋಗಲಾರದ ಕೆಲಸ ಯಾವುದಾದರೂ ಸರಿ. ಮೂರನೆಯದು, ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಅವರು ಬೈಯಬಾರದು, ಮೆಲ್ಲಗೆ ಮೊಣಕೈ ತಾಗಿಸಿದರೆ ಸಾಕು. ಒಂದು ದಿನ ತಪ್ಪಿದರೆ ಮತ್ತೆ ಮಾರನೇ ದಿನದಿಂದ.

ಉಗುರು ಒರಟಾಗಿದ್ದರೆ ಹಲ್ಲು ಅದನ್ನೇ ಹುಡುಕಿಕೊಂಡು ಹೋಗುತ್ತದೆ. ವಾರಕ್ಕೊಮ್ಮೆ ಕತ್ತರಿಸಿ, ಅಂಚು ನುಣುಪು ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿ. ಬ್ಲೇಡ್ ಬೇಡ, ನೇಲ್ ಕಟರ್ ಇರಲಿ. ಸಂಜೆ ಹೊತ್ತು ಕತ್ತರಿಸಬಾರದು ಎಂಬ ಮಾತು ದೀಪ ಇಲ್ಲದ ಕಾಲದ್ದು. ಈಗ ಬಲ್ಬಿನ ಬೆಳಕಿದ್ದರೆ ಯಾವ ಹೊತ್ತಾದರೂ ಆಗುತ್ತದೆ.

ದವಡೆ ನೋವು ಈಗಾಗಲೇ ಇದ್ದರೆ

ಎರಡು ವಾರ ದವಡೆಗೆ ರಜೆ ಕೊಡಿ. ಚಕ್ಕುಲಿ, ಕೋಡುಬಳೆ, ಹುರಿಗಡಲೆ, ಕಬ್ಬು ಬೇಡ. ಬಂಗಾರಪೇಟೆ ಪಾನಿಪೂರಿಗೂ ಬಾಯಿ ಅಗಲ ತೆರೆಯಬೇಕು, ಸ್ವಲ್ಪ ದಿನ ತಡೆಯಿರಿ! ಈ ವಿಷಯದಲ್ಲಿ ಕೋಲಾರದವರು ಪುಣ್ಯವಂತರು. ರಾಗಿ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಬಸ್ಸಾರಿನ ಜೊತೆ ಮುದ್ದೆ, ಮೆತ್ತನೆಯ ಅನ್ನ, ಇವೇ ದವಡೆಯ ಪಥ್ಯ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹತ್ತು ಹತ್ತು ನಿಮಿಷ ಶಾಖ ಕೊಡಿ. ಆದರೆ ಕೀವು, ಊತ ಇದ್ದರೆ ಶಾಖ ಬೇಡ, ವೈದ್ಯರೇ ನೋಡಬೇಕು. ಆಕಳಿಕೆ ಬಂದಾಗ ಗದ್ದಕ್ಕೆ ಕೈ ಕೊಟ್ಟು ಹಿಡಿಯಿರಿ. ದಿನದಲ್ಲಿ ಆಗಾಗ ಪರೀಕ್ಷಿಸಿಕೊಳ್ಳಿ: ತುಟಿ ಮುಚ್ಚಿರಲಿ, ಒಳಗೆ ಹಲ್ಲಿಗೆ ಹಲ್ಲು ತಾಗದಿರಲಿ, ನಾಲಿಗೆ ಮೇಲೆ ಅಂಗಳಕ್ಕೆ ಮೆತ್ತಗೆ ತಾಗಿರಲಿ. ಒಸಡಿನಲ್ಲಿ ಉರಿ ಇದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಸೂಜಿ, ಪಿನ್ನಿನಿಂದ ಕೆದಕಬಾರದು.

ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ತೋರಿಸಿ. ಕೆ.ಜಿ.ಎಫ್.ನಲ್ಲೇ ದಂತವೈದ್ಯಕೀಯ ಕಾಲೇಜು ಇದೆ. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ಹೋದಾಗ "ಹಲ್ಲು ನೋವು" ಎಂದಷ್ಟೇ ಹೇಳಿ ಹಲ್ಲು ಕೀಳಿಸಿಕೊಂಡು ಬರಬೇಡಿ. ಉಗುರು ಕಚ್ಚುವುದು, ದಾರ ಕಡಿಯುವುದು, ರಾತ್ರಿ ಹಲ್ಲು ಕಡಿಯುವುದು, ಸಕ್ಕರೆ ಕಾಯಿಲೆ, ಇದ್ದದ್ದೆಲ್ಲವನ್ನೂ ಹೇಳಿ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಎಷ್ಟು ಜನರಿಗೆ ಬಾಯಿ ತೆರೆಯುವಾಗ ನೋವಿದೆ? ಮೂರು ಬೆರಳಿನ ಪರೀಕ್ಷೆ ಎಲ್ಲರೂ ಮಾಡಿ, ಬರೆದಿಡಿ.

2. ನಮ್ಮ ಬೀದಿಯ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಆಗಿದೆಯೇ? ಗ್ರಾಮ ಪಂಚಾಯಿತಿ ಅಥವಾ ನಗರಸಭೆಯನ್ನು ಕೇಳಲು ಯಾರು ಹೋಗುತ್ತೀರಿ?

3. ಗುಡ್ಡೆಯ ಹತ್ತಿರ ಆಡುವ ಮಕ್ಕಳಿಗೆ ಕೈ ತೊಳೆಯಲು ಬೀದಿಯಲ್ಲಿ ನೀರು, ಸೋಪಿನ ಏರ್ಪಾಡು ಹೇಗೆ ಮಾಡಬಹುದು?

4. ಕಂತು ಕಟ್ಟಲಾಗದೆ ಹೆದರಿ ಸಭೆಗೇ ಬರುವುದನ್ನು ಬಿಟ್ಟ ಸದಸ್ಯೆ ಯಾರಾದರೂ ಇದ್ದಾರೆಯೇ? ಈ ವಾರ ಅವರ ಮನೆಗೆ ಯಾರು ಹೋಗಿ ಬರುತ್ತೀರಿ?